ಹಿಟ್ಟಿನ ಕೋಳಿ, ರಣಹದ್ದು ಮತ್ತು ಪ್ರಮಾದ

ಅಹಿಂಸೆಯೆಂದರೆ ಕೊಲ್ಲದಿರುವುದು ಎಂಬ ಅರ್ಥವನ್ನು ಜೈನರ ಮನೆಯ ಮಗುವೂ ಬಲ್ಲದು. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಕೊಲ್ಲುವ ಮಾತಿನಿಂದ ಆರಂಭಿಸುವುದಿಲ್ಲ. ಪ್ರಮತ್ತಯೋಗವನ್ನು ಮೊದಲಿಡುತ್ತಾರೆ, ಪ್ರಾಣಗಳ ವಿಯೋಗವನ್ನು ಅನಂತರ ಹೇಳುತ್ತಾರೆ. ಪ್ರಮಾದಕ್ಕೊಳಗಾದ ಮನ, ವಚನ, ಕಾಯಗಳ ಪ್ರವೃತ್ತಿಯಿಂದ ಜೀವಿಯ ಪ್ರಾಣಗಳಿಗೆ ಉಂಟಾಗುವ ಘಾತವೇ ಹಿಂಸೆ. ಈ ಕ್ರಮ ಆಕಸ್ಮಿಕವಲ್ಲ. ಹಿಂಸೆಯ ಬೇರು ಕತ್ತಿಯಲ್ಲಿಲ್ಲ, ಕತ್ತಿ ಹಿಡಿದವನ ಮನಸ್ಸಿನಲ್ಲಿದೆ ಎಂಬುದನ್ನು ಈ ಒಂದು ಸೂತ್ರ ತಿಳಿಸುತ್ತದೆ.

ಪ್ರಾಣವೆಂದರೆ ಕೇವಲ ಉಸಿರಲ್ಲ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯು ಮತ್ತು ಉಚ್ಛ್ವಾಸ ಎಂದು ಹತ್ತು ಪ್ರಾಣಗಳನ್ನು ಶಾಸ್ತ್ರ ಎಣಿಸುತ್ತದೆ. ಏಕೇಂದ್ರಿಯ ಜೀವಿಗೆ ಇವುಗಳಲ್ಲಿ ನಾಲ್ಕು ಮಾತ್ರ. ಮನಸ್ಸುಳ್ಳ ಪಂಚೇಂದ್ರಿಯ ಜೀವಿಗೆ ಹತ್ತೂ ಉಂಟು. ಅಂಗಳದ ಹಸುವಿಗೂ ಆಕಾಶದ ಹದ್ದಿಗೂ ಅದನ್ನು ನೋಡುತ್ತಿರುವ ಮನುಷ್ಯನಿಗೂ ಪ್ರಾಣಗಳ ಲೆಕ್ಕ ಒಂದೇ.

ಪ್ರಮಾದವನ್ನು ಹದಿನೈದು ವಿಧವಾಗಿ ಹೇಳುವುದು ರೂಢಿ: ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳ ವಶವಾಗುವುದು, ನಿದ್ರೆ ಮತ್ತು ಸ್ನೇಹ. ಕೊನೆಯದನ್ನು ಕೇಳಿ ಹೊಸಬರು ಬೆರಗಾಗುವುದುಂಟು. ಸ್ನೇಹವೂ ಪ್ರಮಾದವೇ? ಈ ಪ್ರಶ್ನೆಗೆ ಉತ್ತರ ಕೊಡಲು ಕನ್ನಡದಲ್ಲಿ ಒಂದು ಕಾವ್ಯವೇ ಇದೆ.

ಹಿಟ್ಟಿನ ಕೋಳಿಯ ಕಥೆ

ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನಕವಿ 1209ರಲ್ಲಿ ಯಶೋಧರ ಚರಿತೆಯನ್ನು ರಚಿಸಿದನು. ಕಥೆ ಅವನದಲ್ಲ, ಅವನಿಗಿಂತ ಬಹಳ ಹಿಂದಿನದು. ಸೋಮದೇವಸೂರಿಗಳು 959ರಲ್ಲಿ ಇದನ್ನೇ ಯಶಸ್ತಿಲಕವೆಂಬ ಸಂಸ್ಕೃತ ಚಂಪುವಾಗಿ ಮುಗಿಸಿದ್ದು ಇಂದಿನ ತೆಲಂಗಾಣದ ಗಂಗಾಧರದಲ್ಲಿ. (ಆದಿಕವಿ ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಶಾಸನ ಬರೆಸಿದ ಕುರಿಕ್ಯಾಲವೂ ಅದೇ ಸೀಮೆಗೆ ಸೇರಿದ್ದು.) ಪುಷ್ಪದಂತನು ಮಾನ್ಯಖೇಟದಲ್ಲಿ ಅಪಭ್ರಂಶ ಭಾಷೆಯಲ್ಲಿ ಇದನ್ನು ಹೇಳಿದನು. ತಮಿಳಿನ ಐದು ಕಿರುಕಾವ್ಯಗಳಲ್ಲಿ ಯಶೋಧರ ಕಾವಿಯಮ್ ಒಂದು. ಮನೆಮಾತು ಯಾವುದೇ ಇರಲಿ, ದಕ್ಷಿಣದ ಶ್ರಾವಕರಿಗೆ ಈ ಕಥೆ ಪರರದಲ್ಲ. ಗಿರೀಶ ಕಾರ್ನಾಡರು ಇದನ್ನೇ ಆಧರಿಸಿ ‘ಹಿಟ್ಟಿನ ಹುಂಜ’ ನಾಟಕವನ್ನು ಬರೆದದ್ದೂ ಉಂಟು.

ರಾಣಿ ಅಮೃತಮತಿಯು ಮಾವುತ ಅಷ್ಟಾವಂಕನಲ್ಲಿ ಅನುರಕ್ತಳಾದುದನ್ನು ಯಶೋಧರನು ಕಣ್ಣಾರೆ ಕಂಡನು. ತಾಯಿ ಚಂದ್ರಮತಿಗೆ ನಿಜವನ್ನು ಹೇಳಲಾರದೆ ಕೆಟ್ಟ ಕನಸು ಕಂಡೆನೆಂದನು. ದುಃಸ್ವಪ್ನದ ಶಾಂತಿಗೆ ದೇವಿಗೆ ಪ್ರಾಣಿಬಲಿ ಕೊಡಬೇಕೆಂದಳು ತಾಯಿ. ಮಗನು ಒಪ್ಪಲಿಲ್ಲ, ಜೀವವಧೆಯು ತನ್ನಿಂದಾಗದೆಂದನು. ಹಾಗಾದರೆ ಹಿಟ್ಟಿನಿಂದ ಕೋಳಿ ಮಾಡಿ ಅದನ್ನಾದರೂ ಕಡಿಯೆಂದಳು. ತಾಯಿಯ ಮೇಲಿನ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಅವನು ಒಪ್ಪಿದನು. ಇಲ್ಲಿಯೇ ಇದೆ ಸ್ನೇಹವೆಂಬ ಪ್ರಮಾದ. ಸರಿಯಲ್ಲವೆಂದು ತಿಳಿದಿದ್ದೂ, ಪ್ರೀತಿಯವರ ಮನಸ್ಸು ನೋಯದಿರಲಿ ಎಂದು ಅರ್ಧ ದಾರಿಯಲ್ಲಿ ಒಪ್ಪಂದ ಮಾಡಿಕೊಳ್ಳುವುದು.

ಕೋಳಿಯ ಬೊಂಬೆ ಅದೆಷ್ಟು ಸುಂದರವಾಗಿತ್ತೆಂದರೆ ಅದರೊಳಗೊಂದು ಬೆಂತರ ಬಂದು ಸೇರಿತು; ಕತ್ತಿ ತಗುಲಿದೊಡನೆ ಹಿಟ್ಟಿನ ತಲೆಯು ಕೂಗಿತು. ಅರಸನು ನಡುಗಿಹೋದನು. ಅನಂತರ ಅಮೃತಮತಿಯಿಟ್ಟ ವಿಷದಿಂದ ತಾಯಿಮಗನಿಬ್ಬರೂ ಸತ್ತು ತಿರ್ಯಗ್‌ಗತಿಯಲ್ಲಿ ತೊಳಲಿದರು. ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೊನೆಗೆ ಕೋಳಿ. ಮೀನಾಗಿ ಹುಟ್ಟಿದ ಯಶೋಧರನು ತನ್ನದೇ ಶ್ರಾದ್ಧಕ್ಕೆ ತಾನೇ ಅಡಿಗೆಯಾಗುತ್ತಾನೆ. ಮಗನೇ ತಂದೆಯ ಹೆಸರಿನಲ್ಲಿ ತಂದೆಯನ್ನು ಬಡಿಸುವ ಆ ಸಂದರ್ಭವನ್ನು ಓದಿದವರು ಊಟದ ಎಲೆಯ ಮುಂದೆ ಒಂದು ಕ್ಷಣ ಸುಮ್ಮನಾಗದಿರರು.

ಸತ್ತದ್ದು ಏನೂ ಇಲ್ಲ. ಹಿಟ್ಟಿಗೆ ಹತ್ತು ಪ್ರಾಣಗಳಿರಲಿ, ಒಂದೂ ಇಲ್ಲ. ಆದರೂ ಕಡಿಯುವೆನೆಂಬ ಸಂಕಲ್ಪವಿತ್ತು. ಸಂಕಲ್ಪಹಿಂಸೆಗೆ ಜೀವಿಯ ಮರಣವು ಬೇಕಾಗಿಲ್ಲವೆಂಬುದನ್ನು ಇದಕ್ಕಿಂತ ಕಠಿಣವಾಗಿ ಹೇಳಿದ ಕಾವ್ಯ ಭಾರತದ ಬೇರೆ ಭಾಷೆಗಳಲ್ಲಿಯೂ ವಿರಳ. ಜೈನ ಮನೆಗಳಲ್ಲಿ ಪ್ರವಚನಕಾರರು ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಪ್ರಮತ್ತಯೋಗಕ್ಕೆ ಇನ್ನೊಂದು ಮುಖವಿದೆ. ಅಲ್ಲಿ ಸಂಕಲ್ಪವಿರುವುದಿಲ್ಲ, ಸಾವು ಮಾತ್ರ ಇರುತ್ತದೆ. ಅದರ ಕಡೆಗೆ ಹೋಗುವ ಮೊದಲು, ಗೃಹಸ್ಥನು ಪ್ರಾಣಿಗಳೊಡನೆ ದಿನನಿತ್ಯ ಹೇಗೆ ನಡೆಯಬೇಕೆಂದು ಶಾಸ್ತ್ರವು ವಿಧಿಸಿದ್ದನ್ನು ನೋಡುವುದು ಉಚಿತ.

ಅತಿಚಾರಗಳೂ ಕಾನೂನೂ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಕೊಂದರೆ ವ್ರತವೇ ಮುರಿಯಿತು. ಅತಿಚಾರದ ಮಾತೇ ಏಳುವುದಿಲ್ಲ. ಎಂದರೆ ಈ ಐದೂ, ಕೊಲ್ಲದೆ ಇರುವವನು ಮಾಡುವ ತಪ್ಪುಗಳು. ಬಿಗಿಯಾಗಿ ಕಟ್ಟಿಹಾಕುವುದು, ಹೊಡೆಯುವುದು, ಕಿವಿ ಮೂಗು ಮೊದಲಾದ ಅವಯವಗಳನ್ನು ಕೊಯ್ಯುವುದು, ಶಕ್ತಿಗೆ ಮೀರಿದ ಹೊರೆ ಹೊರಿಸುವುದು, ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು.

ಭಾರತದ ಸಂಸತ್ತು 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯನ್ನು ಅಂಗೀಕರಿಸಿತು. ಅದರ ಹಿಂದೆ, ನೃತ್ಯಕಲಾವಿದೆಯೂ ರಾಜ್ಯಸಭೆಯ ಸದಸ್ಯೆಯೂ ಆಗಿದ್ದ ರುಕ್ಮಿಣೀದೇವಿ ಅರುಂಡೇಲ್ ಅವರು ಮಂಡಿಸಿದ ಖಾಸಗಿ ವಿಧೇಯಕದ ಶ್ರಮವಿತ್ತು. 1962ರಲ್ಲಿ ಸ್ಥಾಪಿತವಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು. ಆ ಕಾಯ್ದೆಯ 11ನೆಯ ಪ್ರಕರಣವನ್ನು ಓದಿದವರಿಗೆ ಅತಿಚಾರಗಳ ಪಟ್ಟಿಯನ್ನೇ ಮತ್ತೆ ಓದಿದಂತಾಗುತ್ತದೆ: ಹೊಡೆಯುವುದು, ಅತಿಭಾರ ಹೇರುವುದು, ಗಿಡ್ಡ ಸರಪಳಿಯಲ್ಲಿ ಕಟ್ಟುವುದು, ಅಂಗಚ್ಛೇದ ಮಾಡುವುದು, ಆಹಾರ ನೀರು ಆಸರೆ ಕೊಡದಿರುವುದು. ಒಂದೂವರೆ ಸಾವಿರ ವರ್ಷಗಳಿಗೂ ಹಿಂದೆ ಶ್ರಾವಕನ ಆತ್ಮಶುದ್ಧಿಗೆಂದು ಹೇಳಿದ ಮಾತುಗಳು ದೇಶದ ದಂಡಸಂಹಿತೆಯಲ್ಲಿ ಮರುಹುಟ್ಟು ಪಡೆದಂತಿದೆ. ದಂಡ ಮಾತ್ರ ಹಾಸ್ಯಾಸ್ಪದ. ಕೇಂದ್ರ ಕಾಯ್ದೆಯ ಪಾಠದಂತೆ ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ.

ಪ್ರಾಣಿಗಳಿಗೆ ಹಕ್ಕು ಉಂಟೇ ಎಂಬ ಪ್ರಶ್ನೆ ನ್ಯಾಯಾಲಯಗಳಲ್ಲಿ ಇನ್ನೂ ಇತ್ಯರ್ಥವಾದಂತೆ ಕಾಣುವುದಿಲ್ಲ. ಜಲ್ಲಿಕಟ್ಟು ಮೊಕದ್ದಮೆಯಲ್ಲಿ 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಣಿಗಳ ಘನತೆಯ ಬದುಕನ್ನು ಸಂವಿಧಾನದ 21ನೆಯ ವಿಧಿಯ ನೆಲೆಯಲ್ಲಿ ಎತ್ತಿಹಿಡಿಯಿತು. 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳಿವೆ ಎನ್ನಲು ಪೂರ್ವನಿದರ್ಶನವಿಲ್ಲವೆಂದು ಹೇಳಿ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಮಾನ್ಯ ಮಾಡಿತು. ಜೈನ ಶಾಸ್ತ್ರವು ಈ ಜಿಜ್ಞಾಸೆಯನ್ನು ಬೇರೆ ತುದಿಯಿಂದ ಹಿಡಿಯುತ್ತದೆ. ಎತ್ತಿಗೆ ಹಕ್ಕಿದೆಯೋ ಇಲ್ಲವೋ ಎಂದು ಕೇಳುವ ಬದಲು, ಎತ್ತಿನ ಮೇಲೆ ಹೊರೆ ಹೇರಿದವನ ವ್ರತ ಉಳಿಯಿತೇ ಎಂದು ಕೇಳುತ್ತದೆ. ಹೀಗೆ ಕೇಳಿದಾಗ ಉತ್ತರಗಳು ಹಿತವಾಗಿರಬೇಕೆಂದಿಲ್ಲ. ಹಾಲಿನ ಲಾಭಕ್ಕಾಗಿ ಗಂಡುಕರುವಿಗೆ ಹಾಲು ತಪ್ಪಿಸಿ ಸೊರಗಲು ಬಿಡುವುದು ಅನ್ನಪಾನನಿರೋಧವೇ. ಆ ಹಾಲು ಅಭಿಷೇಕಕ್ಕೆ ಬಂದರೂ ಅಷ್ಟೆ.

ಆಕಾಶದಿಂದ ಮರೆಯಾದ ಹಕ್ಕಿ

ಇನ್ನು ಸಂಕಲ್ಪವಿಲ್ಲದ ಸಾವಿನ ವಿಷಯ. 1980ರ ದಶಕದವರೆಗೆ ಭಾರತದ ಆಕಾಶದಲ್ಲಿ ರಣಹದ್ದುಗಳು ಕೋಟಿಗಳ ಲೆಕ್ಕದಲ್ಲಿದ್ದವು. ಬಿಳಿಬೆನ್ನಿನ ರಣಹದ್ದು ಜಗತ್ತಿನ ದೊಡ್ಡ ಹದ್ದುಜಾತಿಗಳಲ್ಲಿಯೇ ಅತಿ ಹೇರಳವಾದುದೆಂದು ಪಕ್ಷಿತಜ್ಞರು ಆಗ ಎಣಿಸಿದ್ದರು. ಊರ ಹೊರಗೆ ಸತ್ತ ದನವನ್ನು ಹಾಕಿದರೆ ಹಿಂಡು ಇಳಿದು ಕೆಲವೇ ಗಂಟೆಗಳಲ್ಲಿ ಮೂಳೆ ಮಾತ್ರ ಉಳಿಯುತ್ತಿತ್ತು. 1990ರ ದಶಕದ ನಡುವೆ ಭರತಪುರದ ಕೇವಲಾದೇವ ಉದ್ಯಾನದಲ್ಲಿ ವಿಭು ಪ್ರಕಾಶ್ ಎಂಬ ಪಕ್ಷಿವಿಜ್ಞಾನಿ ಗೂಡುಗಳು ಬರಿದಾಗುವುದನ್ನೂ ಹಕ್ಕಿಗಳು ಕೊರಳು ಜೋತುಬಿದ್ದು ಕೂತು ಸಾಯುವುದನ್ನೂ ಗಮನಿಸಿದರು. 1992ರಿಂದ 2007ರವರೆಗಿನ ಗಣತಿಗಳು ಹೇಳಿದ್ದು ಇಷ್ಟು: ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿದಿತ್ತು, ಅದರ ಬಳಗದ ಇನ್ನೆರಡು ಜಾತಿಗಳು ನೂರಕ್ಕೆ ಮೂರರಷ್ಟು.

ಮೊದಲು ಸಾಂಕ್ರಾಮಿಕ ರೋಗವಿರಬೇಕೆಂದು ಶಂಕಿಸಿದರು. ಪಾಕಿಸ್ತಾನದ ಪಂಜಾಬಿನಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ಲಿಂಡ್ಸೇ ಓಕ್ಸ್ ಮತ್ತು ಅವರ ಸಂಗಡಿಗರು 2004ರಲ್ಲಿ ಕಾರಣವನ್ನು ಪ್ರಕಟಿಸಿದರು. ಅದು ರೋಗವಲ್ಲ, ಔಷಧಿ. ಡೈಕ್ಲೊಫೆನಾಕ್ ಎಂಬ ನೋವುನಿವಾರಕ. ಮನುಷ್ಯರ ಮಂಡಿನೋವಿಗೆ ಕೊಡುವ ಅದೇ ಮದ್ದು ಅಗ್ಗವಾಗಿ ದೊರೆಯತೊಡಗಿದ ಮೇಲೆ ದನಗಳ ಜ್ವರ, ಕೆಚ್ಚಲುಬಾವು, ಕಾಲುನೋವುಗಳಿಗೂ ಬಳಕೆಗೆ ಬಂದಿತ್ತು. ಚುಚ್ಚುಮದ್ದು ಪಡೆದ ಹಸು ಕೆಲವೇ ದಿನಗಳೊಳಗೆ ಸತ್ತರೆ ಮದ್ದಿನ ಅಂಶ ಅದರ ಮಾಂಸದಲ್ಲಿ ಉಳಿಯುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ಯೂರಿಕ್ ಆಮ್ಲವು ಬಿಳಿಯ ಪುಡಿಯಂತೆ ಒಳ ಅಂಗಗಳ ಮೇಲೆ ಕಟ್ಟಿಕೊಂಡು ಹಕ್ಕಿ ಸಾಯುತ್ತದೆ. ಒಂದೇ ಕಳೇಬರವನ್ನು ಹತ್ತಾರು ಹಕ್ಕಿಗಳು ಹಂಚಿಕೊಳ್ಳುವುದರಿಂದ, ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಈ ಪ್ರಮಾಣದ ನಾಶಕ್ಕೆ ಸಾಕೆಂದು ಲೆಕ್ಕಹಾಕಿ ತೋರಿಸಿದ್ದಾರೆ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕಳೆದುದನ್ನು ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ.

ಪರಿಣಾಮ ಹಕ್ಕಿಗಳಲ್ಲಿಗೆ ನಿಲ್ಲಲಿಲ್ಲ. ಕಳೇಬರಗಳು ಕೊಳೆತು ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು, ಅವುಗಳೊಡನೆ ಹುಚ್ಚುನಾಯಿ ರೋಗದ ಭಯವೂ ಹೆಚ್ಚಿತು. ಅರ್ಥಶಾಸ್ತ್ರಜ್ಞರಾದ ಅನಂತ ಸುದರ್ಶನ್ ಮತ್ತು ಈಯಲ್ ಫ್ರಾಂಕ್ ಅವರ ಅಧ್ಯಯನದಂತೆ, 2000ದಿಂದ 2005ರವರೆಗೆ ರಣಹದ್ದುಗಳ ನಾಶದಿಂದಾಗಿ ಭಾರತದಲ್ಲಿ ಹೆಚ್ಚುವರಿಯಾಗಿ ಸತ್ತ ಮನುಷ್ಯರು ಸುಮಾರು ಐದು ಲಕ್ಷ. ಮುಂಬಯಿಯ ಪಾರಸಿ ಬಂಧುಗಳ ದೋಖ್ಮಾಗಳಿಗೆ ಹಕ್ಕಿ ಬಾರದೆ ಅವರ ಶವಸಂಸ್ಕಾರದ ಪದ್ಧತಿಯೇ ಕಷ್ಟಕ್ಕೆ ಸಿಕ್ಕಿತು. ಜೀವಿಗಳು ಪರಸ್ಪರ ಉಪಕಾರಕ್ಕೆ ಇವೆಯೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಹೇಳುವುದನ್ನು ಜೈನ ಪ್ರತೀಕದ ಕೆಳಗೆ ಎಲ್ಲರೂ ಓದಿದ್ದಾರೆ. ಅದರ ಅರ್ಥವನ್ನು ಇಷ್ಟು ಲೆಕ್ಕಾಚಾರದೊಡನೆ ಕಲಿಸಿದ ಘಟನೆ ಇನ್ನೊಂದಿರಲಾರದು.

ಶವ ತಿನ್ನುವ ಹಕ್ಕಿಯ ಬಗೆಗೆ ಶ್ರಾವಕರಲ್ಲಿ ಒಂದು ಬಗೆಯ ಹೇಸಿಕೆ ಸಹಜ. ಆದರೆ ಜೈನ ರಾಮಾಯಣದ ಜಟಾಯುವನ್ನು ಮರೆಯಬಾರದು. ವಿಮಲಸೂರಿಗಳ ಪಉಮಚರಿಯದಲ್ಲಿ, ಅದನ್ನು ಅನುಸರಿಸಿದ ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ, ದಂಡಕಾರಣ್ಯದಲ್ಲಿ ರಾಮ ಸೀತೆಯರು ಮುನಿಗಳಿಗೆ ಆಹಾರದಾನ ಮಾಡುವುದನ್ನು ಕಂಡ ಒಂದು ಹದ್ದಿಗೆ ಪೂರ್ವಜನ್ಮದ ಸ್ಮರಣೆಯಾಗುತ್ತದೆ. ಅದು ಮುನಿಪಾದಗಳಿಗೆ ಬಿದ್ದು, ಉಪದೇಶ ಕೇಳಿ, ಶ್ರಾವಕವ್ರತಗಳನ್ನು ಸ್ವೀಕರಿಸುತ್ತದೆ. ಕನ್ನಡದಲ್ಲಿ ನಾಗಚಂದ್ರನ ರಾಮಾಯಣವೂ ಇದೇ ಪರಂಪರೆಯದು. ವ್ರತ ಹಿಡಿದ ಗೃಹಸ್ಥರ ಸಾಲಿನಲ್ಲಿ ಒಂದು ರಣಹದ್ದಿಗೆ ಆಸನ ಕೊಟ್ಟ ಧರ್ಮವಿದು. ಅಲ್ಲದೆ ಈ ಹಕ್ಕಿ ಸಾಮಾನ್ಯವಾಗಿ ಬೇಟೆಯಾಡುವುದಿಲ್ಲ, ಸತ್ತುದನ್ನು ತಿನ್ನುತ್ತದೆ. ಸತ್ತ ಪ್ರಾಣಿಯ ಮಾಂಸದಲ್ಲಿಯೂ ಸೂಕ್ಷ್ಮ ಜೀವಿಗಳ ಹಿಂಸೆಯಿದೆಯೆಂಬ ಶಾಸ್ತ್ರವಚನ ಮನುಷ್ಯನಿಗೆ ಹೇಳಿದ್ದು, ಹದ್ದನ್ನು ಹಳಿಯಲು ಹೇಳಿದ್ದಲ್ಲ.

ತಿಳಿಯದೆ ಮಾಡಿದ್ದು, ತಿಳಿದ ಮೇಲೆ ಮಾಡಿದ್ದು

ಹಸುವಿಗೆ ಡೈಕ್ಲೊಫೆನಾಕ್ ಕೊಟ್ಟ ಪಶುವೈದ್ಯನಿಗೆ, ಕೊಡಿಸಿದ ರೈತನಿಗೆ, ಮುದಿದನಗಳನ್ನು ಸಾಕುವ ಗೋಶಾಲೆ ಪಿಂಜರಾಪೋಲ್‌ಗಳ ಪಾಲಕರಿಗೆ ಹಕ್ಕಿಯನ್ನು ಕೊಲ್ಲುವ ಎಣಿಕೆ ಇತ್ತೇ? ಇರಲಿಲ್ಲ. ಇದ್ದದ್ದು ದಯೆ. ನೋಯುವ ಪ್ರಾಣಿಯ ನೋವು ಇಳಿಯಲೆಂಬ ಹಂಬಲ. ಯಶೋಧರನಲ್ಲಿ ಸಂಕಲ್ಪವಿತ್ತು, ಸಾವಿರಲಿಲ್ಲ. ಇಲ್ಲಿ ಸಾವು ಕೋಟಿಗಳಲ್ಲಿದೆ, ಸಂಕಲ್ಪವಿಲ್ಲ. ಹಾಗಾದರೆ ಇದು ಹಿಂಸೆಯೇ, ಅಲ್ಲವೇ?

ಆಚಾರ್ಯ ಕುಂದಕುಂದರು ಪ್ರವಚನಸಾರದಲ್ಲಿ ಇದಕ್ಕೆ ಅಳತೆಗೋಲು ಕೊಟ್ಟಿದ್ದಾರೆ. ಈರ್ಯಾಸಮಿತಿಯಿಂದ ನಾಲ್ಕು ಮೊಳ ಮುಂದೆ ನೋಡುತ್ತ ನಡೆಯುವ ಮುನಿಯ ಕಾಲಡಿಗೆ ಆಕಸ್ಮಿಕವಾಗಿ ಕೀಟ ಸಿಕ್ಕಿ ಸತ್ತರೂ ಆತನಿಗೆ ಹಿಂಸೆಯ ಬಂಧವಿಲ್ಲ. ಎಚ್ಚರವಿಲ್ಲದೆ ನಡೆದವನಿಗೆ, ಯಾವ ಜೀವಿ ಸಾಯದಿದ್ದರೂ ಹಿಂಸೆ ನಿಶ್ಚಿತ. ಈ ಕೋಲಿನಿಂದ ಅಳೆದರೆ, 2004ಕ್ಕೆ ಮೊದಲು ಮದ್ದು ಕೊಟ್ಟವನು ಬಹುಮಟ್ಟಿಗೆ ಆ ಮುನಿಯಂತೆ. ಮುಂದೆ ಏನಿದೆಯೆಂದು ನೋಡಿದರೂ ಕಾಣುವಂತಿರಲಿಲ್ಲ. ಆದರೆ ಕಾರಣ ಪ್ರಕಟವಾದ ದಿನದಿಂದ ಆ ನಾಲ್ಕು ಮೊಳದ ನೆಲ ಬೆಳಕಿಗೆ ಬಂದಿದೆ. ಅನಂತರವೂ ಕೇಳದೆ, ವಿಚಾರಿಸದೆ, ಅಗ್ಗವೆಂದು ಅದನ್ನೇ ಕೊಡಿಸುವವನು ನೋಡದೆ ನಡೆಯುತ್ತಿದ್ದಾನೆ. ದಯೆಗಿಂತ ಮೊದಲು ಅರಿವು ಬೇಕೆಂದು ಶ್ವೇತಾಂಬರ ಪರಂಪರೆಯ ದಶವೈಕಾಲಿಕ ಸೂತ್ರವೂ ಹೇಳುವುದರ ತಾತ್ಪರ್ಯ ಇದೇ.

ಸರಕಾರಗಳು ಕೆಲಮಟ್ಟಿಗೆ ನೋಡಿ ನಡೆದಿವೆ. ಭಾರತ, ನೇಪಾಳ, ಪಾಕಿಸ್ತಾನಗಳು 2006ರಲ್ಲಿ ಪಶುಬಳಕೆಯ ಡೈಕ್ಲೊಫೆನಾಕ್ ತಯಾರಿಕೆಯನ್ನು ನಿಲ್ಲಿಸಿದವು. ಅದೇ ವರ್ಷ ಮೆಲಾಕ್ಸಿಕಾಮ್ ಎಂಬ ಬದಲಿ ಮದ್ದು ರಣಹದ್ದುಗಳಿಗೆ ಅಪಾಯಕಾರಿಯಲ್ಲವೆಂದು ಪ್ರಯೋಗಗಳಿಂದ ತಿಳಿದುಬಂತು. ಮನುಷ್ಯರಿಗೆಂದು ಮಾರುವ ದೊಡ್ಡ ಶೀಶೆಗಳನ್ನು ದನಗಳಿಗೆ ತಿರುಗಿಸುತ್ತಿದ್ದುದರಿಂದ 2015ರಲ್ಲಿ ಚುಚ್ಚುಮದ್ದಿನ ಶೀಶೆಯನ್ನು 3 ಮಿಲಿಲೀಟರಿಗೆ ಮಿತಿಗೊಳಿಸಿದರು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳಿಗೆ, 2024ರ ಕೊನೆಯಲ್ಲಿ ನಿಮೆಸುಲೈಡ್‌ಗೆ ಪಶುಬಳಕೆಯಲ್ಲಿ ನಿಷೇಧ ಬಂತು. ಅಸಿಕ್ಲೊಫೆನಾಕ್ ದನದ ಮೈಯೊಳಗೆ ಡೈಕ್ಲೊಫೆನಾಕ್ ಆಗಿಯೇ ಮಾರ್ಪಡುತ್ತದೆ. ಹೆಸರು ಬೇರೆಯಾದರೂ ವಿಷ ಅದೇ. ಹರಿಯಾಣದ ಪಿಂಜೋರ್‌ನಲ್ಲಿ ರಣಹದ್ದುಗಳ ಸಂತಾನಾಭಿವೃದ್ಧಿ ಕೇಂದ್ರ ನಡೆಯುತ್ತಿದೆ. ಕರ್ನಾಟಕವು 2012ರಲ್ಲಿ ರಾಮನಗರದ ರಾಮದೇವರಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿತು.

ನಿಷೇಧದ ಆದೇಶ ಔಷಧಿ ಅಂಗಡಿಯ ಗೋಡೆಯವರೆಗೆ ಬರುತ್ತದೆ. ಕೊಟ್ಟಿಗೆಯೊಳಕ್ಕೆ ಬರುವುದು ಕಷ್ಟ. ಅಲ್ಲಿ ನಿಂತಿರುವವನು ದನದ ಒಡೆಯ. ಹಸುವಿಗೆ ಚುಚ್ಚುಮದ್ದು ಕೊಡುವಾಗ ಅದರ ಹೆಸರೇನೆಂದು ವೈದ್ಯರನ್ನು ಕೇಳುವುದು, ಮೆಲಾಕ್ಸಿಕಾಮ್ ಸಾಲದೇ ಎಂದು ವಿನಯದಿಂದ ವಿಚಾರಿಸುವುದು, ಮನೆಯವರಿಗೆ ತಂದ ನೋವಿನ ಮದ್ದನ್ನು ದನಕ್ಕೆ ಚುಚ್ಚಿಸದಿರುವುದು ಅವನ ಕೈಯಲ್ಲಿದೆ. ಇಂಥ ಮದ್ದು ಪಡೆದು ಸತ್ತ ದನವನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳಬೇಕು. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಕೊನೆಯದು, ತ್ಯಾಜ್ಯವನ್ನು ಎಲ್ಲಿ ಹೇಗೆ ಬಿಡಬೇಕೆಂಬುದರ ಎಚ್ಚರ. ಗೃಹಸ್ಥನಿಗೆ ಅದು ಪೂರ್ಣವಾಗಿ ಅನ್ವಯಿಸದಿದ್ದರೂ ಅದರ ಛಾಯೆ ಅನ್ವಯಿಸುತ್ತದೆ. ಗೋಶಾಲೆಗೆ ದೇಣಿಗೆ ಕೊಡುವವರು ಮೇವಿನ ಲೆಕ್ಕದ ಜೊತೆಗೆ ಮದ್ದಿನ ಲೆಕ್ಕವನ್ನೂ ಕೇಳಿದರೆ ಪಾಲಕರು ಬೇಸರಿಸಬೇಕಾಗಿಲ್ಲ.

ಇದು ದೂರದ ಭರತಪುರದ ಮಾತು ಮಾತ್ರವೇ ಎಂದರೆ ಅಲ್ಲ. ದಕ್ಷಿಣದಲ್ಲಿ ಉಳಿದ ರಣಹದ್ದುಗಳ ಮುಖ್ಯ ನೆಲೆ ವಯನಾಡು, ಬಂಡೀಪುರ, ನೀಲಗಿರಿ, ತಾಳವಾಡಿಯ ನೆರೆಯ ಸತ್ಯಮಂಗಲದ ಕಾಡುಗಳು. ಅನಂತನಾಥಸ್ವಾಮಿಯ ಬಸದಿಯಿರುವ ಅದೇ ವಯನಾಡು, ಕನ್ನಡ ಮಲಯಾಳ ತಮಿಳುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಅದೇ ಸೀಮೆ. ಕೇರಳದಲ್ಲಿ ಈ ಹಕ್ಕಿ ವಯನಾಡಿನಲ್ಲಿ ಮಾತ್ರ ಉಳಿದಿದೆ. ಮೋಯಾರ್ ಹೊಳೆಯ ದಂಡೆಯ ಹೊಳೆಮತ್ತಿ ಮರಗಳ ಮೇಲೆ ಬಿಳಿಬೆನ್ನಿನ ರಣಹದ್ದು ಗೂಡು ಕಟ್ಟುತ್ತದೆ. ಎಲ್ಲ ಸೇರಿ ಕೆಲವು ನೂರು ಹಕ್ಕಿಗಳು. ಅವು ಒಂದು ದಿನದಲ್ಲಿ ಮೂರು ರಾಜ್ಯಗಳ ಗಡಿಯನ್ನು ದಾಟಿ ಆಹಾರ ಹುಡುಕಬಲ್ಲವು. ಮಸಿನಗುಡಿಯ ಕೊಟ್ಟಿಗೆಯಲ್ಲಿ ಕೊಟ್ಟ ಮದ್ದು ಸುಲ್ತಾನ್ ಬತ್ತೇರಿಯ ಆಕಾಶದ ಹಕ್ಕಿಯನ್ನು ಮುಟ್ಟಬಹುದು. ಮಳೆಗಾಲ ಕಳೆದ ಮೇಲೆ ಜೋಡಿಗಳು ಗೂಡಿಗೆ ಮರಳುತ್ತವೆ. ಮೊಟ್ಟೆಗೆ ಗಂಡು ಹೆಣ್ಣು ಸರದಿಯಂತೆ ಕಾವು ಕೊಡುತ್ತವೆ, ಸುಮಾರು ಐವತ್ತು ದಿನ. ಮರಿ ಒಂದೇ. ಅದಕ್ಕೆ ಉಣಿಸುವ ತುತ್ತು ಯಾವ ಊರಿನ, ಯಾರ ಮನೆಯ ದನದ್ದೆಂದು ತಾಯಿಹಕ್ಕಿಗೆ ತಿಳಿಯದು.